ಬಕೆಟ್ಟಿನಲ್ಲಿ ಬೆಳೆದ ಮಂಗುಸ್ತಾನ್
(ತೋಟದ ಕುಟುಂಬಗಳ ಮಧ್ಯಾಹ್ನದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತನಾಡಬೇಕೆಂದು ಹೇಳಿ ಕಳುಹಿಸಿದಾಗ ನಾವು ಮೊದಲು ಒಪ್ಪಲಿಲ್ಲ. ಭಾಷಣ ಮಾಡಿ ನಮಗೆ ಅಭ್ಯಾಸವಿಲ್ಲ. ನಾವಿಬ್ಬರೂ ಗಂಡಹೆಂಡಿರು ಕೂನೂರಿನ ಮೇಲ್ಗಡೆಯ ಒಂದು ಟೀ ತೋಟದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಒಬ್ಬರು ಕವಾತಿನ ಕತ್ತಿ ಹಿಡಿದವರು, ಇನ್ನೊಬ್ಬರು ನರ್ಸರಿಯಲ್ಲಿ ಸಸಿ ಸಾಕಿದವರು. ನಮಗೆ ಗೊತ್ತಿರುವುದು ಗಿಡದ ವಿಷಯ ಒಂದೇ. "ಹಾಗಾದರೆ ಗಿಡದ ವಿಷಯವನ್ನೇ ಹೇಳಿ" ಎಂದು ಇಲ್ಲಿನ ಹಿರಿಯರು ಮತ್ತೆ ಹೇಳಿ ಕಳುಹಿಸಿದರು. ಆದುದರಿಂದ ಈ ಹೊತ್ತು ಒಂದು ಗಿಡದ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇವೆ. ಅದು ಮಂಗುಸ್ತಾನ್ ಗಿಡ. ಲೈನ್ ಮನೆಯ ಬಾಗಿಲಲ್ಲಿ, ಒಂದು ಬಕೆಟ್ಟಿನಲ್ಲಿ, ನಾವು ಆರು ವರ್ಷ ಸಾಕಿದ ಗಿಡ.

ಮಂಗುಸ್ತಾನ್ ಹಣ್ಣನ್ನು ನೀವೆಲ್ಲರೂ ನೋಡಿದ್ದೀರಿ. ಕೂನೂರಿನಿಂದ ಮೆಟ್ಟುಪಾಳ್ಯಕ್ಕೆ ಬಸ್ಸಿನಲ್ಲಿ ಇಳಿಯುವಾಗ ಬರ್ಲಿಯಾರಿನಲ್ಲಿ ರಸ್ತೆಯ ಬದಿಗೆ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಹೊರಗೆ ಕಪ್ಪು ಛಾಯೆಯ ನೇರಳೆ ಬಣ್ಣದ ದಪ್ಪ ಸಿಪ್ಪೆ, ಒಳಗೆ ಬೆಳ್ಳುಳ್ಳಿಯ ಎಸಳಿನಂತೆ ಜೋಡಿಸಿದ ಬಿಳಿಯ ತೊಳೆಗಳು. ಇದು ನಮ್ಮ ನಾಡಿನ ಮರವಲ್ಲ, ಮಲಯ ದೇಶದ ಕಡೆಯದು. ಆದರೂ ಪೂರಾ ಪರಕೀಯವೆಂದು ಹೇಳುವಂತಿಲ್ಲ. ಕಾಸರಗೋಡಿನ ಕಡೆಯವರು ಶರಬತ್ತು ಮಾಡುವ ಪುನರ್ಪುಳಿ, ವಯನಾಡಿನವರು ಮೀನುಸಾರಿಗೆ ಹಾಕುವ ಕುಡಂಪುಳಿ, ಇವೆರಡೂ ಮಂಗುಸ್ತಾನಿನ ಒಂದೇ ಕುಲದ ಗಿಡಗಳು. ಹುಳಿ ತಂಗಿಯರ ಮಧ್ಯೆ ಹುಟ್ಟಿದ ಸಿಹಿ ಅಕ್ಕ ಎಂದು ತಿಳಿದುಕೊಳ್ಳಿ.

ಮಕ್ಕಳಿಗೆ ಒಂದು ಮಾತು. ಹಣ್ಣನ್ನು ಒಡೆಯುವ ಮೊದಲು ಅದರ ಬುಡವನ್ನು ತಿರುಗಿಸಿ ನೋಡಿ. ಅಲ್ಲಿ ಸಣ್ಣ ಹೂವಿನಂಥ ಒಂದು ಗುರುತಿದೆ. ಅದರ ದಳಗಳನ್ನು ಎಣಿಸಿರಿ. ಆರಿದ್ದರೆ ಒಳಗೆ ಆರು ತೊಳೆ, ಏಳಿದ್ದರೆ ಏಳು. ಎಣಿಸಿ ಹೇಳಿ ಆಮೇಲೆ ಒಡೆಯುವುದು ನಮ್ಮ ಮೊಮ್ಮಕ್ಕಳ ಆಟ. ಸಿಪ್ಪೆಯ ರಸ ಮಾತ್ರ ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ, ಆ ಕಲೆ ಸಾಬೂನಿಗೆ ಹೋಗುವುದಿಲ್ಲ.

ನಮಗೆ ಈ ಹಣ್ಣಿನ ಮೇಲೆ ಆಸೆ ಹುಟ್ಟಿದ್ದು 2011ರಲ್ಲಿ. ಒಂದು ಮದುವೆಗೆ ಮೆಟ್ಟುಪಾಳ್ಯಕ್ಕೆ ಹೋಗಿ ಹಿಂದಿರುಗುವಾಗ ಮಗಳು ಹಠ ಹಿಡಿದಳೆಂದು ಅರ್ಧ ಕಿಲೋ ಕೊಂಡೆವು. ಆಗಿನ ಕೂಲಿಗೆ ಅದು ದೊಡ್ಡ ಖರ್ಚು. ತಿಂದಾದ ಮೇಲೆ ಬೀಜಗಳನ್ನು ಎಸೆಯಲು ಮನಸ್ಸಾಗಲಿಲ್ಲ. ನಮ್ಮ ತಾಯಂದಿರು ಅವರೆ ಬೀಜವನ್ನು ಹೇಗೆ ಒಣಗಿಸಿ ಇಡುತ್ತಿದ್ದರೋ ಹಾಗೆಯೇ ತೊಳೆದು, ತಗಡಿನ ಮೇಲೆ ಎರಡು ವಾರ ಒಣಗಿಸಿ, ಕಾಗದದಲ್ಲಿ ಸುತ್ತಿ ಇಟ್ಟೆವು. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಮಣ್ಣು ಕೆದಕಿ ನೋಡಿದರೆ ಬೀಜಗಳು ಕರಿಕಲ್ಲಿನ ಹಾಗೆ ಬಿದ್ದಿದ್ದವು.

ಅದು ನಮ್ಮ ಮೊದಲನೆಯ ಪಾಠ. ಮಂಗುಸ್ತಾನಿನ ಬೀಜ ಅವರೆ, ರಾಗಿಯ ಬೀಜದ ಹಾಗಲ್ಲ. ಅದು ಒಣಗಿದರೆ ಸತ್ತಿತು. ಹಣ್ಣಿನ ಒಳಗೆ ಇರುವಷ್ಟು ದಿನ ಅದು ಜೀವದಿಂದಿರುತ್ತದೆ. ಹೊರಗೆ ತೆಗೆದ ಮೇಲೆ ಬಿಳಿಯ ತಿರುಳನ್ನು ಚೆನ್ನಾಗಿ ಉಜ್ಜಿ ತೊಳೆದು ಅಂದೇ ಅಥವಾ ಮಾರನೆಯ ದಿನವೇ ಬಿತ್ತಬೇಕು. ಎಲ್ಲ ತೊಳೆಗಳಲ್ಲಿಯೂ ಒಳ್ಳೆಯ ಬೀಜ ಇರುವುದಿಲ್ಲ. ಒಂದು ಹಣ್ಣಿನಲ್ಲಿ ಒಂದೆರಡು ತೊಳೆಗಳು ಮಾತ್ರ ಉಬ್ಬಿ ದೊಡ್ಡದಾಗಿರುತ್ತವೆ, ಬೀಜ ಇರುವುದು ಅವುಗಳಲ್ಲಿ. ಅವುಗಳಲ್ಲಿಯೂ ತೂಕವಾದುದನ್ನು ಆರಿಸಬೇಕು. ಸಣ್ಣ ಬೀಜದಿಂದ ಬರುವ ಸಸಿ ಬಡಕಲು.

ಈ ಬೀಜದಲ್ಲಿ ಇನ್ನೊಂದು ವಿಶೇಷವಿದೆ. ಮಂಗುಸ್ತಾನಿನಲ್ಲಿ ಗಂಡು ಮರ ಸಾಮಾನ್ಯವಾಗಿ ಕಾಣಸಿಗುವುದೇ ಇಲ್ಲ. ಪರಾಗವಿಲ್ಲದೆಯೇ ಕಾಯಿ ಕಟ್ಟುತ್ತದೆ, ಬೀಜವೂ ಆಗುತ್ತದೆ. ಹಾಗಾಗಿ ಬೀಜದ ಸಸಿಯೇ ಆದರೂ ತಾಯಿಯ ಗುಣವನ್ನೇ ಪಡೆಯುತ್ತದೆ. ಮಾವಿನ ಗೊರಟೆ ನೆಟ್ಟರೆ ಏನು ಬರುತ್ತದೋ ಎಂಬ ಅನುಮಾನ ಇದೆಯಲ್ಲ, ಅದು ಇಲ್ಲಿಲ್ಲ. ಒಂದೇ ಮರವಿದ್ದರೂ ಫಲ ಬಿಡುತ್ತದೆ, ಜೊತೆಗೆ ಇನ್ನೊಂದು ಬೇಕೆಂಬ ಹಂಗಿಲ್ಲ. ಒಂದೇ ಬಕೆಟ್ಟಿಗೆ ಜಾಗವಿರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

2012ರ ಜುಲೈಯಲ್ಲಿ ಬರ್ಲಿಯಾರಿನಿಂದ ಪುನಃ ಹಣ್ಣು ತಂದೆವು. ಈ ಸಲ ಐದು ಬೀಜಗಳನ್ನು ಆ ರಾತ್ರಿಯೇ ಬಿತ್ತಿದೆವು. ಮೂರು ಮೊಳೆತವು.

ನೆಲದಲ್ಲಿ ಏಕೆ ನೆಡಲಿಲ್ಲ ಎಂದು ನೀವು ಕೇಳಬಹುದು. ನೆಲ ಯಾರದು, ಸಹೋದರರೇ? ಲೈನ್ ಮನೆಯ ಮುಂದೆ ಎರಡು ಸಾಲು ಸೊಪ್ಪು, ನಾಲ್ಕು ಬುಡ ಬೀನ್ಸ್ ಹಾಕಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಮರ ನೆಟ್ಟರೆ ಅದು ತೋಟದ ಮರ. ಇದು ಒಂದನೆಯ ಕಾರಣ. ಎರಡನೆಯದು ಚಳಿ. ಮಂಗುಸ್ತಾನಿಗೆ 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣವೂ ಗಾಳಿಯಲ್ಲಿ ತೇವವೂ ಬೇಕು. 20 ಡಿಗ್ರಿಗಿಂತ ಕೆಳಗಾದರೆ ಬೆಳವಣಿಗೆ ನಿಲ್ಲುತ್ತದೆ. 7 ಡಿಗ್ರಿಗೆ ಇಳಿದರೆ ಎಳೆಯ ಸಸಿ ಬದುಕುವುದು ಕಷ್ಟ. 5ಕ್ಕಿಂತ ಕೆಳಗಾದರೆ ದೊಡ್ಡ ಮರಕ್ಕೂ ಉಳಿವಿಲ್ಲ. ಬರ್ಲಿಯಾರ್, ಕಲ್ಲಾರ್‌ಗಳ ಸರ್ಕಾರಿ ಹಣ್ಣಿನ ತೋಟಗಳಲ್ಲಿ ಇದು ಚೆನ್ನಾಗಿ ಬಂದಿರುವುದು ಅವು ಬೆಟ್ಟದ ತಪ್ಪಲಿನಲ್ಲಿರುವ ಕಾರಣದಿಂದ. ನಾವಿದ್ದದ್ದು ಅಲ್ಲಿಂದ ಬಹಳ ಮೇಲೆ. ಡಿಸೆಂಬರ್, ಜನವರಿಯಲ್ಲಿ ಉರೈಪನಿ ಬಿದ್ದು ತಗ್ಗಿನ ಟೀ ಗಿಡಗಳೇ ಬೆಂದುಹೋಗುವುದನ್ನು ನೀವು ಕಂಡಿದ್ದೀರಿ. ಅಂಥ ಕಡೆ ಬಯಲಿನಲ್ಲಿ ನೆಟ್ಟ ಮಂಗುಸ್ತಾನ್ ಒಂದು ಚಳಿಗಾಲವನ್ನೂ ಕಳೆಯದು. ಮೂರನೆಯ ಕಾರಣವನ್ನು ಆಗ ನಾವು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಒಂದು ದಿನ ಲೈನ್ ಮನೆಯನ್ನು ಬಿಡಬೇಕು. ಆ ದಿನ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದದ್ದು ಬಕೆಟ್ಟಿನಲ್ಲಿರುವ ಗಿಡ ಮಾತ್ರ.

ಈಗ ಸಾಕುವ ಕ್ರಮವನ್ನು ಹೇಳುತ್ತೇವೆ.

ಮೊದಲು ಪಾತ್ರೆ. ಮಂಗುಸ್ತಾನಿನ ತಾಯಿಬೇರು ಉದ್ದಕ್ಕೆ ನೇರ ಕೆಳಗೆ ಇಳಿಯುತ್ತದೆ. ಪಕ್ಕದ ಬೇರುಗಳು ಬಹಳ ಕಡಿಮೆ, ಇರುವವೂ ನಾಜೂಕು. ಟೀ ಸಸಿಯ ಬೇರಿನಲ್ಲಿ ಕಾಣುವ ನಾರುನಾರಾದ ಸಣ್ಣ ಬೇರುಗಳು ಇದರಲ್ಲಿಲ್ಲ. ಆದಕಾರಣ ಅಗಲವಾದ ಹೂಕುಂಡ ಪ್ರಯೋಜನವಿಲ್ಲ, ಆಳವಾದ ಪಾತ್ರೆ ಬೇಕು. ನಾವು ಬಣ್ಣ ಬಳಿಯುವವರಿಂದ 20 ಲೀಟರಿನ ಖಾಲಿ ಬಕೆಟ್ಟನ್ನು ಕೇಳಿ ತಂದು, ಚೆನ್ನಾಗಿ ತೊಳೆದು, ಕಾದ ಕಬ್ಬಿಣದಿಂದ ತಳದಲ್ಲಿ ಎಂಟು ತೂತು ಮಾಡಿದೆವು. ತೂತುಗಳ ಮೇಲೆ ಹೆಂಚಿನ ಚೂರುಗಳನ್ನು ಬೋರಲಾಗಿ ಇಟ್ಟೆವು. ಇಲ್ಲಿ ಒಂದು ಎಚ್ಚರಿಕೆ. ತೋಟದಲ್ಲಿ ಕಳೆಗೆ, ಹುಳುವಿಗೆ ಔಷಧಿ ಹೊಡೆದ ಖಾಲಿ ಕ್ಯಾನುಗಳು ಸುಲಭವಾಗಿ ಸಿಗುತ್ತವೆ, ನೋಡಲು ಗಟ್ಟಿಯಾಗಿಯೂ ಇರುತ್ತವೆ. ದಯವಿಟ್ಟು ಅವನ್ನು ಮನೆಗೆ ತರಬೇಡಿ. ಎಷ್ಟು ತೊಳೆದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಗಿಡಕ್ಕೂ ಬೇಡ, ನೀರು ತುಂಬುವುದಕ್ಕಂತೂ ಬೇಡವೇ ಬೇಡ.

ಎರಡನೆಯದು ಮಣ್ಣು. ಕಾಡಂಚಿನ ಎಲೆಗೊಬ್ಬರದ ಮಣ್ಣು ಎರಡು ಪಾಲು, ಹಳೆಯ ಸಗಣಿಗೊಬ್ಬರ ಒಂದು ಪಾಲು, ಮರಳು ಒಂದು ಪಾಲು. ಸಗಣಿಗೊಬ್ಬರ ಪೂರಾ ಕೊಳೆತು ಮಣ್ಣಿನ ವಾಸನೆ ಬಂದಿರಬೇಕು, ಹಸಿಯದು ಬೇರನ್ನು ಸುಡುತ್ತದೆ. ಸ್ವಲ್ಪ ಹುಳಿ ಗುಣದ ಮಣ್ಣೇ ಇದಕ್ಕೆ ಒಗ್ಗುತ್ತದೆ. ನಮ್ಮ ಬೆಟ್ಟದ ಮಣ್ಣು ಹೇಗೂ ಹುಳಿ. ಹಾಗಾಗಿ ಸುಣ್ಣವನ್ನಾಗಲಿ, ಒಲೆಯ ಬೂದಿಯನ್ನಾಗಲಿ ಸುರಿಯಬಾರದು.

ಮೂರನೆಯದು ನೆರಳು. ನರ್ಸರಿಯಲ್ಲಿ ಕೆಲಸ ಮಾಡಿದ ಅಕ್ಕತಂಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಎಲೆಯ ಟೀ ಕಡ್ಡಿಯನ್ನು ಪಾಲಿಥಿನ್ ಚೀಲದಲ್ಲಿ ನೆಟ್ಟು, ಮೇಲೆ ಪಂದಲಿನ ನೆರಳು ಕೊಟ್ಟು, ಬೇರು ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೆರಳನ್ನು ತೆಗೆದು ಬಿಸಿಲಿಗೆ ಅಭ್ಯಾಸ ಮಾಡಿಸುತ್ತೀರಲ್ಲ, ಮಂಗುಸ್ತಾನಿಗೂ ಅದೇ ಶಾಸ್ತ್ರ. ಟೀಗೆ ಅದು ತಿಂಗಳುಗಳ ಲೆಕ್ಕ, ಮಂಗುಸ್ತಾನಿಗೆ ವರ್ಷಗಳ ಲೆಕ್ಕ, ಇಷ್ಟೇ ವ್ಯತ್ಯಾಸ. ಮೊದಲ ಎರಡು ಮೂರು ವರ್ಷ ಅರ್ಧ ನೆರಳು ಇರಲೇಬೇಕು. ನಾವು ಸೂರಿನ ಕೆಳಗೆ ಇಟ್ಟು, ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ಹಳೆಯ ಗೋಣಿಚೀಲವನ್ನು ಕಟ್ಟಿದೆವು.

ನಾಲ್ಕನೆಯದು ನೀರು. ಮಣ್ಣು ಯಾವಾಗಲೂ ತೇವವಾಗಿರಬೇಕು, ಆದರೆ ತಳದಲ್ಲಿ ನೀರು ನಿಲ್ಲಬಾರದು. ಬೆರಳನ್ನು ಒಂದು ಅಂಗುಲ ಒಳಗೆ ಚುಚ್ಚಿ ನೋಡಿ, ತಂಪು ಹತ್ತದಿದ್ದರೆ ಒಂದು ಚೊಂಬು ಹಾಕಿ. ಎಲೆಯ ಅಂಚು ಕಂದಿದರೆ ಒಣಗಿದೆಯೆಂದೋ ಗೊಬ್ಬರದ ಉಪ್ಪು ಹೆಚ್ಚಾಗಿದೆಯೆಂದೋ ಅರ್ಥ. ಇದು ನಮ್ಮ ಎರಡನೆಯ ಪಾಠ. ಒಂದು ವರ್ಷ ಕಳೆದರೂ ಸಸಿಗಳು ಒಂದು ಗೇಣು ಆಗಿರಲಿಲ್ಲ. ನಮಗೆ ತಾಳ್ಮೆ ತಪ್ಪಿತು. ಅಂಗಡಿಯಿಂದ ಯೂರಿಯ ಕೊಂಡು ತಂದು (ತೋಟದ ಉಗ್ರಾಣದಿಂದಲ್ಲ, ನಗಬೇಡಿ) ಒಂದೊಂದು ಸಸಿಗೆ ಒಂದೊಂದು ಮುಷ್ಟಿ ಹಾಕಿದೆವು. ಹತ್ತು ದಿನದಲ್ಲಿ ಒಂದು ಸಸಿ ಸುಟ್ಟುಹೋಯಿತು. ಉಳಿದೆರಡರ ಮಣ್ಣನ್ನು ನೀರು ಹಾಯಿಸಿ ಹಾಯಿಸಿ ತೊಳೆದು ಉಳಿಸಿಕೊಂಡೆವು. ಆಮೇಲೆ ಮೂರು ತಿಂಗಳಿಗೊಮ್ಮೆ ಎರಡು ಹಿಡಿ ಹಳೆಯ ಗೊಬ್ಬರ, ಅಷ್ಟೇ. ಅವಸರ ಮಾಡಿ ಬೆಳೆಸುವ ಗಿಡ ಇದಲ್ಲ. ಎರಡು ವರ್ಷಕ್ಕೆ ಒಂದು ಅಡಿ ಬೆಳೆದರೆ ಚೆನ್ನಾಗಿ ಬೆಳೆಯಿತೆಂದು ತಿಳಿಯಬೇಕು. ಹೊಸ ಎಲೆಗಳು ಜೋಡಿಯಾಗಿ ಬರುತ್ತವೆ, ಹುಟ್ಟಿದಾಗ ನಸುಗೆಂಪು, ಆಮೇಲೆ ದಪ್ಪಗೆ ಹಸಿರಾಗುತ್ತವೆ. ಒಂದು ಜೋಡಿ ಎಲೆ ಬಂದರೆ ನಮ್ಮ ಮನೆಯಲ್ಲಿ ಅದು ಆ ವಾರದ ಸುದ್ದಿ.

ಐದನೆಯದು ಚಳಿ. ಇಲ್ಲಿಯೇ ನಾವು ಹೆಚ್ಚು ಕಷ್ಟಪಟ್ಟೆವು. ನವೆಂಬರ್ ಕೊನೆಯಿಂದ ಫೆಬ್ರವರಿಯ ತನಕ ಸಂಜೆ ಐದಕ್ಕೆ ಬಕೆಟ್ಟನ್ನು ಒಳಗೆ ತರುವುದು, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಗೆ ಇಡುವುದು. ಒಳಗೆ ಎಂದರೆ ಅಡಿಗೆಮನೆಯ ಗೋಡೆಯ ಹತ್ತಿರ, ಒಲೆಯ ಬಿಸಿ ಗೋಡೆಗೆ ತಾಗುವ ಜಾಗದಲ್ಲಿ. ಒಲೆಯ ಪಕ್ಕದಲ್ಲಿಯೇ ಇಟ್ಟರೆ ಹೊಗೆ ಹಿಡಿದು ಎಲೆ ಉದುರುತ್ತದೆ. ಚಳಿಗಾಲದಲ್ಲಿ ಸಂಜೆ ನೀರು ಹಾಕಬಾರದು, ಬೆಳಗ್ಗೆ ಹತ್ತು ಗಂಟೆಯ ನಂತರ ಹಾಕಬೇಕು. ನೀರಿನ ಅಳತೆಯೂ ಬೇಸಿಗೆಯ ಅರ್ಧ ಸಾಕು. ಎತ್ತಿ ಇಳಿಸುವುದು ಶ್ರಮದ ಕೆಲಸ. ದಿನವೆಲ್ಲ ದುಡಿದು ಬಂದ ಸೊಂಟಕ್ಕೆ ಎರಡು ಬಕೆಟ್ ಮಣ್ಣು ಹಗುರವಲ್ಲ. ಒಂದು ಹಳೆಯ ಹಲಗೆಗೆ ನಾಲ್ಕು ಗಾಲಿ ಹೊಡೆದುಕೊಂಡ ಮೇಲೆ ಮಕ್ಕಳೇ ತಳ್ಳುತ್ತಿದ್ದರು.

2015ರ ಡಿಸೆಂಬರಿನಲ್ಲಿ ಪಕ್ಕದ ಲೈನಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ರಾತ್ರಿಯೆಲ್ಲ ಅಲ್ಲಿಯೇ ಇದ್ದೆವು. ಬೆಳಗಿನ ಜಾವ ಮನೆಗೆ ಬಂದಾಗ ಎರಡು ಬಕೆಟ್ಟುಗಳೂ ಹೊರಗೇ ಇದ್ದವು, ಅಂಗಳದ ಹುಲ್ಲಿನ ಮೇಲೆ ಬಿಳಿಯ ಪುಡಿ ಹರಡಿತ್ತು. ಸೂರಿನ ಅಂಚಿಗಿದ್ದ ಗಿಡದ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಗೋಡೆಗೆ ತಾಗಿ ಇದ್ದ ಇನ್ನೊಂದರ ಮೇಲೆ ಒಣಗಲು ಹಾಕಿದ್ದ ಒಂದು ಕಂಬಳಿ ಜಾರಿ ಬಿದ್ದಿತ್ತು. ಅದು ಉಳಿಯಿತು. ನಾವು ಬುದ್ಧಿಯಿಂದ ಉಳಿಸಿದ್ದಲ್ಲ. ಸಾವಿನ ಮನೆಗೆ ಹೋಗಿದ್ದಕ್ಕೆ ನಮಗೆ ಪಶ್ಚಾತ್ತಾಪವೂ ಇಲ್ಲ. ಐದು ಬೀಜಗಳಲ್ಲಿ ಒಂದು ಗಿಡ ಉಳಿಯಿತು. ಮಾಡಬೇಕೆಂದಿರುವವರು ಒಂದೇ ಬೀಜವನ್ನು ನಂಬಿ ಕೂರಬೇಡಿ, ನಾಲ್ಕೈದು ಬಿತ್ತಿರಿ.

ಆರನೆಯದು ಪಾತ್ರೆ ಬದಲಾಯಿಸುವುದು. ಬೀಜವನ್ನು ಬಿತ್ತುವಾಗಲೇ ಕೊನೆಯ ಪಾತ್ರೆಯಲ್ಲಿ ಬಿತ್ತಿದರೆ ಬಹಳ ಒಳ್ಳೆಯದು. ನಾವು ಮೊದಲು ಉದ್ದದ ಚೀಲದಲ್ಲಿ ಹಾಕಿ ಎರಡನೆಯ ವರ್ಷ ಬಕೆಟ್ಟಿಗೆ ಬದಲಾಯಿಸಿದೆವು. ಹಾಗೆ ಮಾಡುವಾಗ ಕಾಂಡ ಹಿಡಿದು ಎಳೆಯಬಾರದು. ಚೀಲವನ್ನು ಬ್ಲೇಡಿನಿಂದ ಸೀಳಿ ಮಣ್ಣಿನ ಮುದ್ದೆಯನ್ನು ಒಡೆಯದೆ ಹಾಗೆಯೇ ಇಳಿಸಬೇಕು. ಬೇರು ಅಲುಗಿದರೆ ಗಿಡ ತಿಂಗಳುಗಟ್ಟಲೆ ಮುನಿಸಿಕೊಂಡು ನಿಲ್ಲುತ್ತದೆ, ಕೆಲವು ಸಲ ಸಾಯುತ್ತದೆ. ತಾಯಿಬೇರು ತಳಕ್ಕೆ ತಾಗಿ ಸುತ್ತಿಕೊಳ್ಳಲು ಬಿಡಬಾರದು. ಸುರುಳಿ ಸುತ್ತಿದ ಬೇರು ಮುಂದೆ ನೆಲಕ್ಕೆ ಹಾಕಿದರೂ ಸುಲಭವಾಗಿ ನೇರವಾಗದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡಬಾರದು. ಬಕೆಟ್ಟಿನಲ್ಲಿಯೇ ಇಟ್ಟುಕೊಂಡು ಮಂಗುಸ್ತಾನ್ ಹಣ್ಣು ತಿನ್ನುತ್ತೇವೆ ಎಂದು ಯಾರೂ ನೆನೆಸಬೇಡಿ. ನೆಲದಲ್ಲಿಯೇ ಬೀಜದ ಮರ ಫಲ ಬಿಡಲು ಏಳರಿಂದ ಹದಿನೈದು ವರ್ಷ ಹಿಡಿಯುತ್ತದೆ. ಕಸಿ ಮಾಡಿದ ಗಿಡ ಬೇಗ ಬಿಡುತ್ತದೆ, ಆದರೆ ಮರ ಸಣ್ಣದು. ಪಾತ್ರೆಯಲ್ಲಿಯೇ ಹಣ್ಣು ಕಾಣಬೇಕೆನ್ನುವವರು ಕಸಿ ಮಾಡಿದ ನಿಂಬೆಯನ್ನೋ ಸೀಬೆಯನ್ನೋ ಹಾಕಿ, ಎರಡು ಮೂರು ವರ್ಷಕ್ಕೆ ಕೈಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬ ಡ್ಯೂಕರ ಅರಮನೆಯಲ್ಲಿ, ಲಂಡನ್ ಹತ್ತಿರದ ಸಯನ್ ಎಂಬಲ್ಲಿ, 1855ರಲ್ಲಿ ಮಂಗುಸ್ತಾನ್ ಹಣ್ಣಾಯಿತೆಂದು ದಾಖಲೆಯಿದೆ. ಆದರೆ ಅಲ್ಲಿದ್ದದ್ದು ದೊಡ್ಡ ಗಾಜಿನ ಮನೆ, ಹಗಲಿರುಳೂ ಬೆಂಕಿಯ ಕಾವು, ಸಂಬಳದ ತೋಟಗಾರರು. ನಮ್ಮಲ್ಲಿದ್ದದ್ದು ಒಂದು ಅಡಿಗೆಮನೆಯ ಗೋಡೆ. ಆ ಗೋಡೆ ಗಿಡವನ್ನು ಜೀವದಿಂದ ಇಟ್ಟಿತು. ಅದಕ್ಕಿಂತ ಹೆಚ್ಚು ಅದರಿಂದ ಆಗುವಂತಿರಲಿಲ್ಲ.

2018ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಕೊನೆಯವರಿಗೂ 58 ತುಂಬಿತು. ಇನ್ನೊಬ್ಬರು ಎರಡು ವರ್ಷ ಮೊದಲೇ ಕೆಲಸದಿಂದ ನಿಂತಿದ್ದರು. ಸಲ್ಲಬೇಕಾದ ಹಣ ಸಂದಿತು, ಹೂವಿನ ಹಾರ ಹಾಕಿದರು, ಮನೆಯ ಬೀಗದಕೈ ಕೊಡಬೇಕಾದ ದಿನವನ್ನೂ ತಿಳಿಸಿದರು. ಇದರಲ್ಲಿ ಯಾರನ್ನೂ ದೂರುತ್ತಿಲ್ಲ, ಕ್ರಮ ಇರುವುದೇ ಹಾಗೆ. ನಮ್ಮ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ಬೆಟ್ಟ ಹತ್ತಿ ಬಂದವರು, ಅಲ್ಲಿ ಈಗ ನಮ್ಮವರೆಂದು ಯಾರೂ ಇಲ್ಲ. ಮಗಳನ್ನು ವಯನಾಡಿಗೆ, ವೈತಿರಿಯ ಕಡೆಗೆ ಕೊಟ್ಟಿದ್ದೇವೆ. ಅಳಿಯಂದಿರು ಐದು ಸೆಂಟ್ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರು. "ಮಾವ, ಅತ್ತೆ, ನೀವು ಬಂದುಬಿಡಿ. ಗಿಡವನ್ನೂ ತನ್ನಿ" ಎಂದರು. ಆ ಎರಡನೆಯ ಮಾತನ್ನು ಹೇಳಿದ್ದಕ್ಕೆ ನಾವು ಅವರನ್ನು ಈಗಲೂ ನೆನೆಯುತ್ತೇವೆ.

ಪಾತ್ರೆ ಪಗಡೆ, ಹಾಸಿಗೆ ಎಲ್ಲವೂ ಒಂದು ಜೀಪಿನಲ್ಲಿ ಮೊದಲು ಹೋಯಿತು. ಗಿಡವನ್ನು ಅದರಲ್ಲಿ ಹಾಕಲು ಮನಸ್ಸು ಬರಲಿಲ್ಲ. ಜೂನ್ ಮೊದಲ ವಾರ ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಕರೆದುಕೊಂಡು ಎಂದೇ ಹೇಳುತ್ತೇವೆ. ಆರು ವರ್ಷದ ಗಿಡ, ಎರಡು ಅಡಿಗಿಂತ ಸ್ವಲ್ಪ ಎತ್ತರ. ಕಾಂಡಕ್ಕೆ ಬಿದಿರಿನ ಕಡ್ಡಿ ಕಟ್ಟಿ, ಎಲೆಗಳನ್ನು ಒದ್ದೆ ಗೋಣಿಯಲ್ಲಿ ಸಡಿಲವಾಗಿ ಸುತ್ತಿದ್ದೆವು. ಕಂಡಕ್ಟರು ಬಕೆಟ್ಟನ್ನು ನೋಡಿ ಲಗೇಜ್ ಟಿಕೆಟ್ ಹರಿದರು, "ಏನು ಗಿಡ?" ಎಂದು ಕೇಳಿ, ತಿಳಿದ ಮೇಲೆ ಎಂಜಿನ್ ಹತ್ತಿರ ಬೆಚ್ಚಗಿರುವ ಜಾಗ ಮಾಡಿಕೊಟ್ಟರು. ಊಟಿಯಲ್ಲಿ ಗಾಳಿ ಬಹಳವಿತ್ತು. ಅಲ್ಲಿಂದ ಗೂಡಲೂರಿಗೆ ಇಳಿಯುವ ದಾರಿಯಲ್ಲಿ ನಡುವಟ್ಟಂ ಬರುತ್ತದೆ. ಅಲ್ಲಿನ ಹಳೆಯ ಸಿಂಕೋನಾ ತೋಟದ ವಿಷಯ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಮಲೇರಿಯಾ ಜ್ವರದ ಔಷಧಿ ಕ್ವಿನೀನ್ ಆ ಮರದ ತೊಗಟೆಯಿಂದ ಬರುತ್ತಿತ್ತು. 1860, 1861ರಲ್ಲಿ ದಕ್ಷಿಣ ಅಮೆರಿಕದಿಂದ ಸಿಂಕೋನಾ ಸಸಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಹಡಗಿನಲ್ಲಿ ತಂದರು, ಎಷ್ಟೋ ಸಸಿಗಳು ಬರುವ ಮೊದಲೇ ಹಾಳಾದವು. ಟೀ ಕೂಡ ಹಾಗೆಯೇ. ರಾಬರ್ಟ್ ಫಾರ್ಚೂನ್ ಎಂಬಾತ ಚೀನದಿಂದ ಸಾವಿರಾರು ಟೀ ಸಸಿಗಳನ್ನು 1850ರ ಆಸುಪಾಸಿನಲ್ಲಿ ಅಂಥದೇ ಗಾಜಿನ ಪೆಟ್ಟಿಗೆಗಳಲ್ಲಿ ಹಿಮಾಲಯದ ತೋಟಗಳಿಗೆ ಸಾಗಿಸಿದ. ಈ ಬೆಟ್ಟಗಳಲ್ಲಿ ನಾವು ಹೊಟ್ಟೆಹೊರೆದ ಗಿಡಗಳೆಲ್ಲ ಹೀಗೆ ದೂರದಿಂದ ಬಂದವು, ಯಾರೋ ದಾರಿಯಲ್ಲಿ ನೀರು ಹಾಕಿ ಕಾದದ್ದರಿಂದ ಉಳಿದವು. ಹಾಗೆ ಕಾದ ಕೆಲಸಗಾರರ ಹೆಸರನ್ನು ಯಾರೂ ಬರೆದಿಡಲಿಲ್ಲ.

ವೈತಿರಿಯಲ್ಲಿ ಮನೆಯ ಹಿಂದೆ ಮೂರು ಅಡಿ ಉದ್ದಗಲ, ಮೂರು ಅಡಿ ಆಳದ ಗುಂಡಿಯನ್ನು ಮೊದಲೇ ತೋಡಿಸಿ ಮೇಲ್ಮಣ್ಣು, ಗೊಬ್ಬರ ತುಂಬಿಸಿದ್ದೆವು. ಬಕೆಟ್ಟನ್ನು ಗರಗಸದಿಂದ ಎರಡು ಕಡೆ ಕೊಯ್ದು, ಮಣ್ಣು ಕದಲದಂತೆ ಇಳಿಸಿದೆವು. ಬುಡ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿ ನಿಲ್ಲುವಂತೆ ದಿಬ್ಬ ಕಟ್ಟಿದೆವು. ಪಡುವಣ ಬಿಸಿಲಿಗೆ ಎರಡು ಬಾಳೆ ನೆಟ್ಟೆವು. ಅದೇ ಆಗಸ್ಟಿನಲ್ಲಿ ಕೇರಳದಲ್ಲೆಲ್ಲ ಮಹಾಪ್ರಳಯ. ವಯನಾಡಿನಲ್ಲಿಯೂ ಗುಡ್ಡಗಳು ಕುಸಿದವು, ನಾವೂ ಕೆಲವು ದಿನ ಶಾಲೆಯ ಕಟ್ಟಡದಲ್ಲಿದ್ದೆವು. ಹಿಂದಿರುಗಿ ಬಂದಾಗ ಹಿತ್ತಲಿನಲ್ಲಿ ಇನ್ನೂ ನೀರಿತ್ತು. ದಿಬ್ಬದ ಮೇಲೆ ಗಿಡ ನಿಂತಿತ್ತು, ತುದಿಯಲ್ಲಿ ನಸುಗೆಂಪಿನ ಒಂದು ಜೋಡಿ ಎಲೆ. ಬಕೆಟ್ಟಿನಲ್ಲಿ ಆರು ವರ್ಷಕ್ಕೆ ಎರಡು ಅಡಿ ಬೆಳೆದದ್ದು ನೆಲದಲ್ಲಿ ನಾಲ್ಕು ವರ್ಷಕ್ಕೆ ನಮ್ಮ ತಲೆಯನ್ನು ಮೀರಿತು. ಬಿತ್ತಿದ ಹದಿಮೂರನೆಯ ವರ್ಷ, 2025ರಲ್ಲಿ, ಮೊದಲ ಹೂ ಬಂತು. 23 ಹಣ್ಣುಗಳು ಉಳಿದವು.

ಇನ್ನು ಕೊನೆಯ ಮಾತು. ಮೊನ್ನೆ ಇನ್ನೊಂದು ತೋಟದಲ್ಲಿ ಇದೇ ಸಂಗತಿಯನ್ನು ಹೇಳಿದಾಗ ಒಬ್ಬ ಸಹೋದರಿ ಎದ್ದು ನಿಂತು ಕೇಳಿದರು: "ಅಣ್ಣಾ, ಅಕ್ಕಾ, ನಿಮಗೆ ಮಗಳ ಮನೆಯಲ್ಲಿ ಐದು ಸೆಂಟ್ ಸಿಕ್ಕಿತು. ನನಗೆ ಮುಂದಿನ ವರ್ಷ 58. ನನ್ನ ಮಗ ತಿರುಪ್ಪೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ. ನಾನು ಬಕೆಟ್ಟನ್ನು ಎಲ್ಲಿ ಇಳಿಸಲಿ?"

ನಮ್ಮ ಬಾಯಿಂದ ಉತ್ತರ ಬರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಾವಿಬ್ಬರೂ ಒಬ್ಬರೊಡನೊಬ್ಬರು ಮಾತನಾಡಲಿಲ್ಲ. ಆ ಪ್ರಶ್ನೆ ಸರಿಯಾದ ಪ್ರಶ್ನೆ. ಗಿಡದ ಜೊತೆ ಇಷ್ಟು ವರ್ಷ ಕಳೆದು ನಮಗೆ ತಿಳಿದದ್ದೂ ಅದೇ. ಬಕೆಟ್ ಎಳೆತನವನ್ನು ಕಾಯುತ್ತದೆ, ಚಳಿಯನ್ನು ದಾಟಿಸುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಅಷ್ಟಾದ ಮೇಲೆ ನೆಲ ಸಿಗಲೇಬೇಕು. ಸಿಗದಿದ್ದರೆ ಬೇರು ತನ್ನನ್ನೇ ಸುತ್ತಿಕೊಳ್ಳುತ್ತದೆ. ಗಿಡಕ್ಕೂ ಹಾಗೆ, ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದ ಕುಟುಂಬಕ್ಕೂ ಹಾಗೆ. ನಿವೃತ್ತರಾದವರಿಗೆ ಎರಡು ಸೆಂಟಾದರೂ ಮನೆಯ ಜಾಗ ಬೇಕೆಂದು ನಮ್ಮ ಸಂಘಗಳು ಕೇಳುವಾಗ, ಅದು ದೊಡ್ಡ ಆಸೆಯೆಂದು ನಮ್ಮಲ್ಲಿಯೇ ಕೆಲವರು ನಗುವುದುಂಟು. ನಗಬೇಡಿ. ಜೊತೆಗೆ ನಿಂತು ಕೇಳಿರಿ. ಕೆಲಸದಲ್ಲಿರುವಾಗಲೇ ಕೇಳಿರಿ, ಹಾರ ಹಾಕಿದ ದಿನ ಕೇಳಿದರೆ ತಡವಾಯಿತು.

ಆ ಸಹೋದರಿಗೆ ಸದ್ಯಕ್ಕೆ ನಾವು ಹೇಳಿ ಕಳುಹಿಸಿದ್ದು ಇಷ್ಟು: ಬಿತ್ತಿರಿ. ಗಿಡಕ್ಕೆ ಬಕೆಟ್ಟಿನಲ್ಲಿ ಕೆಲವು ವರ್ಷ ಇರಲು ಆಗುತ್ತದೆ. ಅಷ್ಟರಲ್ಲಿ ನೆಲ ಸಿಗದಿದ್ದರೆ ನಮ್ಮ ಹಿತ್ತಲಿನಲ್ಲಿ ಇನ್ನೊಂದು ಮರಕ್ಕೆ ಜಾಗವಿದೆ, ತಂದು ಇಳಿಸಿ. ಮರ ನಿಮ್ಮದು, ಹಣ್ಣಿನ ಕಾಲಕ್ಕೆ ಬನ್ನಿ. ಇಲ್ಲಿಯೂ ತಪ್ಪಲಿನ ಊರುಗಳಲ್ಲಿ ಬಂಧುಗಳ ಹಿತ್ತಲು ಇರುವವರು ಇದ್ದೀರಿ, ಬೆಚ್ಚಗಿನ ಕಡೆಯ ದೇವಾಲಯದ ಅಂಗಳ, ಶಾಲೆಯ ಅಂಗಳ ಇದೆ. ಒಬ್ಬರ ನೆಲದಲ್ಲಿ ಇನ್ನೊಬ್ಬರ ಮರ ನಿಲ್ಲುವುದರಲ್ಲಿ ನಾಚಿಕೆಯೇನೂ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇವೆ. ಈ ಬುಟ್ಟಿಯಲ್ಲಿ 14 ಹಣ್ಣುಗಳಿವೆ, ಆ ಮರದ ಮೊದಲ ಫಸಲಿನವು. ಎಲ್ಲರಿಗೂ ಒಂದೊಂದು ಸಾಲದು. ಒಂದೊಂದು ಲೈನಿಗೆ ಒಂದರಂತೆ ತೆಗೆದುಕೊಂಡು ಹೋಗಿ, ತೊಳೆಗಳನ್ನು ಮಕ್ಕಳಿಗೆ ಹಂಚಿರಿ. ಬುಡದ ದಳಗಳನ್ನು ಮೊದಲು ಎಣಿಸಲು ಹೇಳಿರಿ. ಉಬ್ಬಿದ ತೊಳೆಯ ಬೀಜವನ್ನು ಮಾತ್ರ ಎಸೆಯಬೇಡಿ, ಒಣಗಿಸಲೂ ಬೇಡಿ. ಈ ರಾತ್ರಿಯೇ ಬಿತ್ತಿರಿ.